ಹುಕ್ಕು ಹಾಕುವ ಮೊದಲು

ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಗುಂಡ್ಯ, ಅಲ್ಲಿಂದ ಮುಂದೆ ಉಪ್ಪಿನಂಗಡಿಯವರೆಗೆ ಕೆಟ್ಟು ನಿಂತ, ಚರಂಡಿಗೆ ಇಳಿದ, ಪಲ್ಟಿ ಹೊಡೆದ ಗಾಡಿಗಳನ್ನು ಎಳೆಯುವುದು ನನ್ನ ಹೊಟ್ಟೆಪಾಡು. ಜನ ನಮ್ಮನ್ನು ಕ್ರೇನಿನವರು ಅನ್ನುತ್ತಾರೆ. ನನ್ನ ಹತ್ತಿರ ಕ್ರೇನು ಇಲ್ಲ. ಹಿಂದಕ್ಕೆ ಕಬ್ಬಿಣದ ತೋಳು ಚಾಚಿ ಎರಡು ಚಕ್ರ ಎತ್ತುವ ಒಂದು ಹಳೆಯ ಟೋಯಿಂಗ್ ಗಾಡಿ ಇದೆ, ಇಡೀ ಗಾಡಿಯನ್ನೇ ಮೇಲೆ ಹೇರಿಕೊಳ್ಳುವ, ಸಾಲ ಇನ್ನೂ ತೀರದ ಒಂದು ಫ್ಲಾಟ್‌ಬೆಡ್ ಇದೆ. ದೊಡ್ಡ ಲಾರಿ ಬಿದ್ದಾಗ ಉಪ್ಪಿನಂಗಡಿ ಕಡೆಯ ನಮ್ಮ ಉಸ್ತಾದರ ಹೆವಿ ಗಾಡಿಯ ಜೊತೆ ಹೋಗಿ ಕೈಜೋಡಿಸುತ್ತೇನೆ.

ಮೊದಲು ಲಾರಿ ಡ್ರೈವರ್ ಆಗಿದ್ದೆ. ಓಡಿಸಲು ಬಂದವನಿಗೆ ಎಳೆಯುವುದೇನು ಮಹಾ ಎಂಬ ಧಿಮಾಕಿನಲ್ಲಿ ಈ ಕಸುಬಿಗೆ ಬಂದೆ. ಈಗ ಹೊಸದಾಗಿ ಗಾಡಿ ಇಳಿಸಿದ ಹುಡುಗರು ಫೋನ್ ಮಾಡಿ ಅದು ಹೇಗೆ, ಇದು ಹೇಗೆ ಎಂದು ಕೇಳುತ್ತಾರೆ. ಹೇಳುತ್ತೇನೆ. ಹೇಳುವುದರಲ್ಲಿ ಮುಕ್ಕಾಲು ಪಾಲು ಯಾರದೋ ಗಾಡಿ ಹಾಳು ಮಾಡಿ ಕಲಿತದ್ದು ಎಂಬುದನ್ನೂ ಸೇರಿಸಿಯೇ ಹೇಳುತ್ತೇನೆ.

1. ಕೆಲಸ ಶುರುವಾಗುವುದು ಫೋನಿನಲ್ಲಿ

"ಅಣ್ಣ, ಗುಂಡ್ಯ ಹತ್ರ ಗಾಡಿ ನಿಂತಿದೆ, ಬೇಗ ಬನ್ನಿ." ಇಷ್ಟು ಕೇಳಿದರೆ ಸಾಕು, ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದೆ. ಬೆಂಗಳೂರಿನಿಂದ ಬಂದವರಿಗೆ ಗುಂಡ್ಯ ಹತ್ರ ಅಂದರೆ ಮಾರನಹಳ್ಳಿಯೂ ಆಗಬಹುದು, ನೆಲ್ಯಾಡಿಯೂ ಆಗಬಹುದು. ಘಾಟಿಯ ನಡುವೆ ಬಹಳ ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ಲೊಕೇಶನ್ ಕಳಿಸಿ ಅಂದರೆ ಅವರು ಯಾವುದೋ ಬಸ್ಸು ಹತ್ತಿ ಸಿಗ್ನಲ್ ಇರುವಲ್ಲಿಗೆ ಹೋಗಿ ಕಳಿಸುತ್ತಾರೆ. ಆ ಲೊಕೇಶನ್ನಿನಲ್ಲಿ ಟೀ ಅಂಗಡಿ ಇರುತ್ತದೆ, ಗಾಡಿ ಇರುವುದಿಲ್ಲ.

ಒಮ್ಮೆ ಮಳೆಯಲ್ಲಿ ಹುಡುಕಿ ಹುಡುಕಿ ತಲುಪಿದರೆ ಅಲ್ಲಿದ್ದದ್ದು ನಾಲ್ಕೂ ಚಕ್ರ ಎಳೆಯುವ ದೊಡ್ಡ ಎಸ್‌ಯುವಿ. ನಾನು ತಂದದ್ದು ಎರಡು ಚಕ್ರ ಎತ್ತುವ ಗಾಡಿ. ಆ ಥರದ ವಾಹನದಲ್ಲಿ ಮುಂದಿನ ಚಕ್ರ ಎತ್ತಿ ಹಿಂದಿನದನ್ನು ರಸ್ತೆಯಲ್ಲಿ ಉರುಳಿಸಿದರೆ ನಡುವಿನ ಗೇರಿನ ಪೆಟ್ಟಿಗೆ ಕೆಟ್ಟುಹೋಗುತ್ತದೆ. ವಾಪಸು ಬಂದು ಫ್ಲಾಟ್‌ಬೆಡ್ ಒಯ್ದೆ. ಡೀಸೆಲ್ ನನ್ನ ಕೈಯಿಂದ ಹೋಯಿತು, ಅದು ಇರಲಿ. ಅಷ್ಟೂ ಹೊತ್ತು ಆ ಮನೆಯವರು ಮಕ್ಕಳನ್ನು ಕಟ್ಟಿಕೊಂಡು ತಿರುವಿನಲ್ಲಿ ಕೂತಿದ್ದರು.

ಈಗ ಎದ್ದು ನಿಲ್ಲುವ ಮೊದಲೇ ಕೇಳುತ್ತೇನೆ. ಘಾಟಿ ಹತ್ತುವ ಕಡೆಯೋ, ಇಳಿಯುವ ಕಡೆಯೋ? ಹತ್ತಿರದ ಕಿಲೋಮೀಟರ್ ಕಲ್ಲಿನಲ್ಲಿ ಏನು ಬರೆದಿದೆ? ಯಾವ ಗಾಡಿ, ಆಟೋಮ್ಯಾಟಿಕ್ಕಾ? ಚಕ್ರ ತಿರುಗುತ್ತಾ? ಕೀ ಇದೆಯಾ? ಲೋಡ್ ಏನಿದೆ? ಎಷ್ಟು ಜನ ಇದ್ದೀರಿ? ಕೆಲವರಿಗೆ ಸಿಟ್ಟು ಬರುತ್ತದೆ, "ಬರ್ತೀರೋ ಇಲ್ವೋ ಹೇಳಿ" ಅನ್ನುತ್ತಾರೆ. ಬೈಸಿಕೊಂಡು ಕೇಳುತ್ತೇನೆ.

2. ತಿರುವಿನ ಆಚೆಗೆ ಸೂಚನೆ ಇಡಬೇಕು

ಕೆಟ್ಟ ಗಾಡಿಯ ಹಿಂದೆಯೇ ಕೆಂಪು ತ್ರಿಕೋನ ಇಟ್ಟು ಕೆಲಸಕ್ಕೆ ಕೂರುವುದು ನನ್ನ ಹಳೇ ಅಭ್ಯಾಸ. ನೇರ ರಸ್ತೆಯಲ್ಲಿ ನಡೆದೀತು. ಘಾಟಿಯಲ್ಲಿ, ಅದೂ ಮಂಜು ಕವಿದಾಗ, ತಿರುವು ದಾಟಿದ ಮೇಲೆ ತ್ರಿಕೋನ ಕಂಡವನಿಗೆ ಬ್ರೇಕ್ ಒತ್ತಲು ಜಾಗವೇ ಉಳಿದಿರುವುದಿಲ್ಲ. ಮೀನಿನ ಲಾರಿಯೊಂದು ನಮ್ಮ ಹುಡುಗನ ಬೆನ್ನಿಗೆ ಗಾಳಿ ಬೀಸುವಷ್ಟು ಹತ್ತಿರದಲ್ಲಿ ದಾಟಿಹೋಯಿತು. ಅವನು ರಸ್ತೆ ಬದಿಯಲ್ಲಿ ನಿಂತು ಹೈಡ್ರಾಲಿಕ್ ಲಿವರ್ ಎಳೆಯುತ್ತಿದ್ದ. ಆ ಬದಿಗೆ ನಿಲ್ಲಿಸಿದವನು ನಾನೇ. ಅಂದಿನಿಂದ ಒಬ್ಬನನ್ನು ತಿರುವಿಗೂ ಮೊದಲೇ ಟಾರ್ಚು ಕೊಟ್ಟು ನಿಲ್ಲಿಸುತ್ತೇನೆ. ಲಿವರ್ ಎರಡೂ ಬದಿಗೆ ಇದ್ದರೆ ಕಾಡಿನ ಬದಿಯದನ್ನೇ ಹಿಡಿಯುವುದು. ಹೊಳೆಯುವ ಜಾಕೆಟ್ ಬೆವರು ಬರಿಸುತ್ತದೆ, ನಿಜ. ಹಾಕಿಕೊಳ್ಳಿ.

ಇನ್ನೊಂದು ಮಾತು. ನಮ್ಮ ಕಡೆ ಗಾಡಿ ಕೆಟ್ಟರೆ ರಸ್ತೆಗೆ ಸೊಪ್ಪು ಮುರಿದು ಹಾಕುತ್ತಾರೆ, ಕಲ್ಲು ಸಾಲಾಗಿ ಇಡುತ್ತಾರೆ. ಗಾಡಿ ಹೋದ ಮೇಲೆ ಕಲ್ಲು ಅಲ್ಲೇ ಇರುತ್ತದೆ. ರಾತ್ರಿ ಬೈಕಿನವರು ಬೀಳುವುದು ಅದಕ್ಕೆ. ಕಲ್ಲು ಇಟ್ಟವರು ಯಾರಾದರೂ ಆಗಿರಲಿ, ಎತ್ತಿ ಹಾಕುವ ಕೆಲಸ ಕೊನೆಗೆ ಹೊರಡುವ ನಮ್ಮದು.

3. ನ್ಯೂಟ್ರಲ್ ಹಾಕಿದರೆ ಎಲ್ಲ ಮುಗಿಯಲಿಲ್ಲ

ಇದರ ಫೀಸು ನನಗೆ ಜಾಸ್ತಿಯೇ ಬಿತ್ತು. ಹಿಂದಿನ ಚಕ್ರಕ್ಕೆ ಓಟ ಇರುವ, ಅಂದರೆ ಎಂಜಿನ್ ಹಿಂದಿನ ಚಕ್ರವನ್ನು ತಿರುಗಿಸುವ ಒಂದು ಆಟೋಮ್ಯಾಟಿಕ್ ಕಾರು. ಮುಂದಿನ ಚಕ್ರ ಎತ್ತಿದೆ, ಗೇರನ್ನು ನ್ಯೂಟ್ರಲ್‌ಗೆ ಹಾಕಿದೆ, ಹಾಸನದವರೆಗೆ ಹಾಡು ಕೇಳುತ್ತಾ ಬಂದೆ. ಎರಡು ದಿನದ ಮೇಲೆ ಗ್ಯಾರೇಜಿನಿಂದ ಫೋನ್. ಗೇರ್‌ಬಾಕ್ಸ್ ಸುಟ್ಟಿತ್ತು.

ಆಮೇಲೆ ಒಬ್ಬ ಮೆಕ್ಯಾನಿಕ್ ಕೂರಿಸಿಕೊಂಡು ತಿಳಿಸಿ ಹೇಳಿದ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಎಣ್ಣೆ ಹರಿಸುವ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ಬಂದಾಗಿದ್ದು ಚಕ್ರ ಮಾತ್ರ ತಿರುಗುತ್ತಿದ್ದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಉಜ್ಜಿಕೊಳ್ಳುತ್ತವೆ. ಲಿವರ್ ನ್ಯೂಟ್ರಲ್‌ನಲ್ಲಿದ್ದರೂ ಅಷ್ಟೇ. ಓಟ ಇರುವ ಚಕ್ರ ನೆಲಕ್ಕೆ ತಾಗಬಾರದು, ಇಲ್ಲವೇ ಇಡೀ ಗಾಡಿ ಫ್ಲಾಟ್‌ಬೆಡ್ ಮೇಲೆ ಹೋಗಬೇಕು. ಆ ಬಿಲ್ಲಿನಲ್ಲಿ ನನ್ನ ಪಾಲು ಕಟ್ಟಲು ಮನೆಯಾಕೆಯ ಬಳೆ ಬ್ಯಾಂಕಿಗೆ ಹೋಯಿತು. ಆಟೋಮ್ಯಾಟಿಕ್ ಕಾರು ಕಂಡಾಗೆಲ್ಲ ಆಕೆ ಈಗಲೂ ನನ್ನ ಮುಖ ನೋಡುತ್ತಾಳೆ.

ಎಲೆಕ್ಟ್ರಿಕ್ ಕಾರಿನ ವಿಷಯದಲ್ಲಿ ಯೋಚಿಸುವುದೇ ಬೇಡ, ಫ್ಲಾಟ್‌ಬೆಡ್. ಅದರ ಚಕ್ರ ಉರುಳಿಸಿದರೆ ಮೋಟಾರು ತಾನೇ ಕರೆಂಟು ಹುಟ್ಟಿಸಲು ಶುರುಮಾಡುತ್ತದೆ. ಇನ್ನೊಂದು ತಾಪತ್ರಯವಿದೆ. ಹೊಸ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಬಟನ್ನಿನದು. ಸಣ್ಣ 12 ವೋಲ್ಟ್ ಬ್ಯಾಟರಿ ಸತ್ತರೆ ಬ್ರೇಕು ಬಿಡುವುದೇ ಇಲ್ಲ. ಎಳೆಯುವ ಮೊದಲು ಜಂಪ್ ಕೊಟ್ಟು ನೋಡಿ. ಚಕ್ರ ಕಚ್ಚಿಕೊಂಡಿದ್ದರೆ ಕೆಳಗೆ ಗಾಲಿಯ ಹಲಗೆ ಕೊಡಿ. ಬಲವಂತದಿಂದ ಎಳೆದರೆ ಟಯರು ರಸ್ತೆಗೆ ಅಂಟುತ್ತದೆ, ಮಾಲೀಕನ ಬಾಯಿ ಬಿಚ್ಚಿಕೊಳ್ಳುತ್ತದೆ.

ಕಾರಿನ ಮುಂದೆ ತಿರುಗಿಸಿ ಹಾಕುವ ಎಳೆಯುವ ಕೊಂಡಿ ಡಿಕ್ಕಿಯಲ್ಲಿ, ಸ್ಟೆಪ್ನಿಯ ಹತ್ತಿರ ಸಾಮಾನಿನ ಜೊತೆ ಇರುತ್ತದೆ. ಎಷ್ಟೋ ಕಾರುಗಳಲ್ಲಿ ಅದರ ತಿರುಪು ಉಲ್ಟಾ, ಎಡಕ್ಕೆ ತಿರುಗಿಸಿದರೆ ಕೂರುತ್ತದೆ. ಗೊತ್ತಿಲ್ಲದೆ ಅರೆಬರೆ ಕೂರಿಸಿ ಎಳೆದು ಒಂದು ಬಂಪರನ್ನು ಕೈಗೆ ತೆಗೆದುಕೊಂಡಿದ್ದೇನೆ.

4. ವಿಂಚಿನ ಮೇಲೆ ಬರೆದ ಟನ್ನು ಪೂರ್ತಿ ಸಿಗುವುದಿಲ್ಲ

ರೋಪು ಸುತ್ತಿ ಗಾಡಿ ಎಳೆಯುವ ವಿಂಚಿನ ಮೇಲೆ ಕಂಪನಿಯವರು ಬರೆಯುವ ಎಳೆತದ ಲೆಕ್ಕ ಡ್ರಮ್ಮಿನ ಮೇಲೆ ವೈರ್ ರೋಪಿನ ಮೊದಲ ಸುತ್ತಿನ ಪದರ ಮಾತ್ರ ಇದ್ದಾಗಿನದು. ರೋಪು ಪದರ ಪದರವಾಗಿ ಸುತ್ತಿಕೊಂಡಷ್ಟೂ ಡ್ರಮ್ಮು ದಪ್ಪವಾಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಹತ್ತಿರ ನಿಂತು ಸ್ವಲ್ಪವೇ ರೋಪು ಬಿಟ್ಟು ಎಳೆಯುತ್ತಿದ್ದ ನಾನು ವಿಂಚಿಗೆ ಶಕ್ತಿಯೇ ಇಲ್ಲ ಎಂದು ಅಂಗಡಿಯವನ ಹತ್ತಿರ ಜಗಳ ಆಡಿದ್ದೆ. ದೂರ ನಿಂತು ರೋಪು ಹೆಚ್ಚು ಬಿಡಿ, ಆದರೆ ಡ್ರಮ್ಮಿನ ಮೇಲೆ ಐದಾರು ಸುತ್ತಾದರೂ ಉಳಿದಿರಲಿ. ಸ್ನ್ಯಾಚ್ ಬ್ಲಾಕ್ ಎಂಬ ರಾಟೆ ಹಾಕಿ ರೋಪನ್ನು ಮಡಚಿ ತಂದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ವೇಗ ಅರ್ಧಕ್ಕೆ ಇಳಿಯುತ್ತದೆ. ಆ ನಿಧಾನ ಒಳ್ಳೆಯದೇ. ಏನು ತಪ್ಪಾಗುತ್ತಿದೆ ಎಂದು ನೋಡಲು ಸಮಯ ಸಿಗುತ್ತದೆ.

ಕೆಸರಿನಲ್ಲಿ ಮಡ್‌ಗಾರ್ಡಿನವರೆಗೆ ಹೂತ ಗಾಡಿ ತನ್ನ ತೂಕಕ್ಕಿಂತಲೂ ಹೆಚ್ಚಿನ ಎಳೆತ ಕೇಳುತ್ತದೆ. ಇದು ತಿಳಿಯದೆ ಕಾಫಿ ತೋಟಕ್ಕೆ ಇಳಿದಿದ್ದ ಒಂದು ಪಿಕಪ್ಪನ್ನು ಎಳೆಯಲು ಹೋಗಿ ರೋಪು ತುಂಡಾಯಿತು. ಬಿಗಿಯಾಗಿದ್ದ ವೈರು ಹರಿದಾಗ ಆಗುವ ಸದ್ದನ್ನು ಬರೆದು ತಿಳಿಸಲು ನನಗೆ ಬರುವುದಿಲ್ಲ. ನಮ್ಮ ಗಾಡಿಯ ಹಿಂದಿನ ಗಾಜು ಪುಡಿಯಾಯಿತು. ಸ್ವಲ್ಪ ಮೊದಲು ಅಲ್ಲೇ ನಿಂತು ಬೀಡಿ ಹಚ್ಚಿದ್ದ ಉಸ್ತಾದರು ತುಂಡಾದ ತುದಿ ಎತ್ತಿ ನೋಡಿದರು. ಹೊರಗಿನ ಎಳೆಗಳು ಮೊದಲೇ ಕಡಿದು ಮುಳ್ಳಿನ ಹಾಗೆ ಎದ್ದಿದ್ದವು. "ಎಂತ ಮಾರಾಯ, ಇದನ್ನು ನೀನು ಬೆಳಿಗ್ಗೆ ನೋಡ್ಲೇ ಇಲ್ವಾ?" ಅಂದರು, ಅಷ್ಟೇ. ನೋಡಿರಲಿಲ್ಲ. ಬಿಗಿಯಾದ ರೋಪನ್ನು ದಾಟುವುದು, ಅದರ ನೇರಕ್ಕೆ ನಿಲ್ಲುವುದು, ಕೈಯಲ್ಲಿ ಮುಟ್ಟಿ ನೋಡುವುದು, ಈ ಮೂರೂ ನಮ್ಮಲ್ಲಿ ಈಗ ಬಂದ್. ರೋಪಿನ ನಡುವೆ ದಪ್ಪ ಗೋಣಿಯನ್ನೂ ಹೊದಿಸುತ್ತೇವೆ. ಹರಿದರೆ ಅದರ ಭಾರಕ್ಕೆ ರೋಪು ಅಷ್ಟು ಹಾರುವುದಿಲ್ಲ.

ಆಧಾರಕ್ಕೆ ಮರ ಹಿಡಿಯುವುದೂ ಒಂದು ವಿದ್ಯೆ. ಸಿಲ್ವರ್ ಓಕ್ ಮರಕ್ಕೆ ಎದೆಯೆತ್ತರದಲ್ಲಿ ಬೆಲ್ಟು ಕಟ್ಟಿ ಎಳೆದು ಮುರಿದೆ. ಬುಡಕ್ಕೆ ಕಟ್ಟಬೇಕು, ಅದೂ ಗಟ್ಟಿ ಜಾತಿಯ ಮರ ನೋಡಿ. ತೋಟದವರು ಮರದ ದುಡ್ಡನ್ನು ಹೆಚ್ಚೇನೂ ಕೇಳಲಿಲ್ಲ. ಅದಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಯ ಫಸಲಿನ ಲೆಕ್ಕ ತೆಗೆದರು. ಆ ವರ್ಷ ಮೆಣಸಿಗೆ ಒಳ್ಳೆಯ ರೇಟು ಬೇರೆ ಇತ್ತು.

5. ಬೆಲ್ಟಿಗೆ ಬಣ್ಣ ಇರುವುದು ಚೆಂದಕ್ಕಲ್ಲ

ಗಾಡಿ ಎತ್ತುವ ಬೆಲ್ಟು ಎಷ್ಟು ಭಾರ ಹೊರುತ್ತದೆ ಎಂದು ಅದರ ಬಣ್ಣವೇ ಹೇಳುತ್ತದೆ: ನೇರಳೆ 1 ಟನ್, ಹಸಿರು 2, ಹಳದಿ 3, ಬೂದು 4, ಕೆಂಪು 5. ಎರಡು ಬೆಲ್ಟನ್ನು ಅಗಲಕ್ಕೆ ಹರಡಿ ಎತ್ತಿದಷ್ಟೂ ಒಂದೊಂದರ ಮೇಲೂ ಬೀಳುವ ಭಾರ ಏರುತ್ತದೆ. ನಡುವಿನ ಕೋನ 120 ಡಿಗ್ರಿ ತಲುಪಿದರೆ ಎರಡೆರಡು ಬೆಲ್ಟು ಹಾಕಿಯೂ ಒಂದೊಂದು ಇಡೀ ಗಾಡಿಯ ಭಾರ ಹೊರುತ್ತಿರುತ್ತದೆ. ಅಂಚು ಹರಿದ ಬೆಲ್ಟನ್ನು ಹೊಲಿಸಿ ತಂದ ಜಾಣ ನಾನು. ಹೊಲಿಸಬೇಡಿ, ಬಿಸಾಡಿ.

6. ಹಿಂದೆ ಭಾರ ಬಿದ್ದರೆ ಸ್ಟೇರಿಂಗ್ ಹಗುರಾಗುತ್ತದೆ

ತೋಳಿಗೆ ಸಿಕ್ಕಿಸಿದ ಗಾಡಿ ನಮ್ಮ ಹಿಂದಿನ ಆಕ್ಸಲಿಗಿಂತ ಆಚೆ ನೇತಾಡುತ್ತದೆ. ಅಷ್ಟು ಭಾರ ಹಿಂದಕ್ಕೆ ಜಗ್ಗಿದಾಗ ಮುಂದಿನ ಚಕ್ರಗಳು ನೆಲವನ್ನು ಒತ್ತುವುದು ಕಡಿಮೆಯಾಗುತ್ತದೆ. ಸಪಾಟು ರಸ್ತೆಯಲ್ಲಿ ಗೊತ್ತೇ ಆಗುವುದಿಲ್ಲ. ಗುಂಡ್ಯದಿಂದ ಮೇಲಕ್ಕೆ, ಮಳೆಯಲ್ಲಿ, ದೊಡ್ಡ ಗಾಡಿಯೊಂದನ್ನು ಎತ್ತಿಕೊಂಡು ಬರುವಾಗ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದೆ. ನಮ್ಮ ಗಾಡಿ ತಿರುಗದೆ ನೇರ ಹೋಯಿತು. ಎದುರಿಗೆ ಬಸ್ಸು ಬಾರದಿದ್ದದ್ದು ಯಾರ ಪುಣ್ಯವೋ ತಿಳಿಯದು. ತೋಳನ್ನು ಹೆಚ್ಚು ಹೊರಕ್ಕೆ ಚಾಚಬೇಡಿ, ನೆಲ ತಾಗದಷ್ಟು ಎತ್ತಿದರೆ ಸಾಕು, ತೂಕ ಮೀರಿದ್ದರೆ ಬೇರೆಯವರನ್ನು ಕರೆಯಿರಿ. ಬಂದ ಬಾಡಿಗೆ ಬಿಡಲಾಗದೆ ನಾನು ಕರೆದಿರಲಿಲ್ಲ.

ಇಳಿಯುವಾಗ ಬೇರೆ ಕಥೆ. ಕಡಿಮೆ ಗೇರಿನಲ್ಲಿ ಎಂಜಿನ್ ಹಿಡಿತದಲ್ಲೇ ಬನ್ನಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬಂದರೆ ಅರ್ಧ ದಾರಿಗೆ ಲೈನರ್ ಸುಟ್ಟ ವಾಸನೆ ಬರುತ್ತದೆ. ಹಗ್ಗ ಕಟ್ಟಿ ಕಾರು ಎಳೆಸಿಕೊಂಡು ಘಾಟಿ ಇಳಿಯುವವರನ್ನು ಕಂಡರೆ ಈಗಲೂ ನಿಲ್ಲಿಸಿ ಹೇಳುತ್ತೇನೆ. ಎಂಜಿನ್ ಬಂದಾದ ಕಾರಿನಲ್ಲಿ ಬ್ರೇಕ್ ಪೆಡಲ್ ಕಲ್ಲಿನಷ್ಟು ಗಟ್ಟಿ, ಸ್ಟೇರಿಂಗೂ ಹಾಗೆಯೇ. ಕೇಳುವವರು ಕಡಿಮೆ.

7. ಲಾರಿ ಬ್ರೇಕಿಗೆ ಗಾಳಿ ಇಲ್ಲದಿದ್ದರೆ ಅದು ಹಿಡಿದುಕೊಳ್ಳುತ್ತದೆ

ಲಾರಿ ಓಡಿಸಿದವನಾಗಿ ಇದು ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಗೊತ್ತಿದ್ದೂ ಎಡವಿದೆ. ಗಾಳಿಯ ಬ್ರೇಕಿನ ಲಾರಿಗಳಲ್ಲಿ ಹಿಂದಿನ ಚಕ್ರದ ಬ್ರೇಕ್ ಚೇಂಬರಿನೊಳಗೆ ಬಲವಾದ ಸ್ಪ್ರಿಂಗ್ ಇರುತ್ತದೆ. ಅದನ್ನು ಒತ್ತಿ ಹಿಡಿದು ಬ್ರೇಕು ಬಿಡಿಸುವುದು ಗಾಳಿ. ಪೈಪು ಒಡೆದು ಗಾಳಿ ಹೋದರೆ ಸ್ಪ್ರಿಂಗ್ ಚಕ್ರವನ್ನು ಕಚ್ಚಿ ಹಿಡಿಯುತ್ತದೆ. ಮೊದಮೊದಲು ಹಾಗೆ ಕಚ್ಚಿದ ಲಾರಿಯನ್ನು ಎಳೆದು ಟಯರು ಸವೆಸಿದೆ. ನಮ್ಮ ಗಾಡಿಯಿಂದ ಗಾಳಿ ಕೊಡಬಹುದು ಎಂದು ಆಮೇಲೆ ಕಲಿತೆ. ಅದಾಗದಿದ್ದರೆ ಚೇಂಬರಿನ ಹಿಂದಿನ ಬೋಲ್ಟು ತಿರುಗಿಸಿ ಸ್ಪ್ರಿಂಗನ್ನು ಕಟ್ಟಿಹಾಕಬಹುದು. ಚೇಂಬರನ್ನು ಮಾತ್ರ ಬಿಚ್ಚಲು ಹೋಗಬೇಡಿ. ಆ ಸ್ಪ್ರಿಂಗ್ ಹೊರಗೆ ಹಾರಿದರೆ ಮುಖ ಉಳಿಯುವುದಿಲ್ಲ.

ಕಲಿತ ಹುಮ್ಮಸ್ಸಿನಲ್ಲಿ ಒಂದು ದಿನ ಏರಿನಲ್ಲಿ ನಿಂತ ಲಾರಿಗೆ ಗಾಳಿ ಕೊಟ್ಟೆ. ಚಕ್ರಕ್ಕೆ ಅಡ್ಡ ಕೊಟ್ಟಿರಲಿಲ್ಲ. ಚೈನಿನಲ್ಲಿ ಸಡಿಲ ಇತ್ತು. ಗಾಳಿ ತುಂಬಿದ್ದೇ ತಡ, ಬ್ರೇಕು ಬಿಟ್ಟು ಲಾರಿ ಹಿಂದಕ್ಕೆ ಸರಿಯಿತು, ಚೈನು ಜಗ್ಗಿ ನಮ್ಮ ಗಾಡಿಯನ್ನೂ ಎಳೆದುಕೊಂಡು ಹೊರಟಿತು. ತಡೆಗೋಡೆಗೆ ತಾಗಿ ಎರಡೂ ನಿಂತವು. ಹಿಂದೆ ಯಾರೂ ಇರಲಿಲ್ಲ. ಕ್ಲೀನರ್ ಹುಡುಗ ಕೆಳಗೆ ಟೀ ತರಲು ಹೋಗಿದ್ದ, ಇಲ್ಲದಿದ್ದರೆ ಅವನು ನಿಲ್ಲುವ ಜಾಗವೇ ಅದು. ಅಂದು ರಾತ್ರಿ ಊಟ ಸೇರಲಿಲ್ಲ. ಗಾಳಿ ಕೊಡುವ ಮೊದಲು ಅಡ್ಡ, ಚೈನು ಬಿಗಿ, ಆಮೇಲೆ ಎಲ್ಲರನ್ನೂ ಹೆಸರು ಹಿಡಿದು ಕರೆದು ಎಲ್ಲಿದ್ದಾರೆಂದು ಕಣ್ಣಾರೆ ನೋಡುವುದು. ಈ ಸಾಲು ತಪ್ಪಿದರೆ ನಾನು ಕೆಲಸ ನಿಲ್ಲಿಸುತ್ತೇನೆ. ಹುಡುಗರು ನಗುತ್ತಾರೆ, ಪರವಾಗಿಲ್ಲ.

ದೂರ ಎಳೆಯುವುದಿದ್ದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಬಿಡಿ. ಮೂರನೇ ಪಾಠದಲ್ಲಿ ಹೇಳಿದ ಎಣ್ಣೆಯ ಸಮಸ್ಯೆ ಲಾರಿಯ ಗೇರ್‌ಬಾಕ್ಸಿಗೂ ಇದೆ. ಬಿಚ್ಚಿದ ನಟ್ಟು ಬೋಲ್ಟನ್ನು ಒಂದು ಡಬ್ಬಿಗೆ ಹಾಕಿ ಅದೇ ಲಾರಿಯ ಕ್ಯಾಬಿನ್ನಿನಲ್ಲಿ ಇಡಿ. ನನ್ನ ಜೇಬಿನಲ್ಲಿ ಯಾವ್ಯಾವುದೋ ಲಾರಿಯ ಬೋಲ್ಟುಗಳು ಮನೆಗೆ ಬಂದಿವೆ.

8. ಗ್ಯಾಸ್ ಟ್ಯಾಂಕರ್ ನಮ್ಮ ಕೆಲಸವಲ್ಲ

ಮಂಗಳೂರು ಕಡೆಯಿಂದ ಬರುವ ಬುಲೆಟ್ ಟ್ಯಾಂಕರ್‌ಗಳು ಈ ರಸ್ತೆಯಲ್ಲಿ ದಿನವೂ ಓಡುತ್ತವೆ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಒಂದು ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿ, ರಸ್ತೆ ಬದಿಯ ಮನೆಗಳೂ ಜೀವಗಳೂ ಹೋದವು. ಆ ಕಡೆಯವರು ಇಂದಿಗೂ ಟ್ಯಾಂಕರ್ ಬಿತ್ತು ಅಂದರೆ ಮೊದಲು ಒಲೆ ಆರಿಸುತ್ತಾರೆ.

ಇದೆಲ್ಲ ತಿಳಿದಿದ್ದೂ ಒಮ್ಮೆ ವಾಲಿ ನಿಂತ ಟ್ಯಾಂಕರಿನ ಹತ್ತಿರ ಗಾಡಿ ಸ್ಟಾರ್ಟಿನಲ್ಲೇ ಇಟ್ಟು ಹೋಗಿ ನಿಂತಿದ್ದೆ. ಸೋರಿಕೆ ಇರಲಿಲ್ಲ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಈಗ ದೂರದಿಂದಲೇ ಹಿಂದಿನ ಬೋರ್ಡು ನೋಡುತ್ತೇನೆ. 1075 ಎಂದಿದ್ದರೆ ಅಡುಗೆ ಅನಿಲ, 1203 ಪೆಟ್ರೋಲ್. ಅನಿಲ ಗಾಳಿಗಿಂತ ಭಾರ, ತಗ್ಗಿಗೆ, ಚರಂಡಿಗೆ ಇಳಿದು ಹರಡುತ್ತದೆ. ಗಾಳಿ ಬೀಸಿ ಬರುವ ಕಡೆಗೆ, ಎತ್ತರದ ಕಡೆಗೆ, ದೂರಕ್ಕೆ ಹೋಗಿ. ಎಂಜಿನ್ ಬಂದ್, ಬೀಡಿ ಬಂದ್, ಹತ್ತಿರ ಹೋಗಿ ವಿಡಿಯೋ ಮಾಡುವವರನ್ನು ಬೈದಾದರೂ ಹಿಂದಕ್ಕೆ ಕಳಿಸಿ. 112ಕ್ಕೆ ಹೇಳಿ. ಅಗ್ನಿಶಾಮಕದವರೂ ತೈಲ ಕಂಪನಿಯವರೂ ಬಂದು ಅನಿಲ ಬೇರೆ ಟ್ಯಾಂಕರಿಗೆ ಇಳಿಸಿ, ಸರಿ ಎಂದ ಮೇಲೆ ನಮ್ಮ ಹುಕ್ಕು.

9. ಎಳೆಯುವ ಮೊದಲು ಫೋಟೋ

ಅಪಘಾತದ ಗಾಡಿಯಲ್ಲಿ ಜನ ಇದ್ದರೆ ಮೊದಲು ಜನ. ಸಿಕ್ಕಿಕೊಂಡವರು ಇರುವಾಗ ಅವಸರದಿಂದ ಗಾಡಿ ಎಳೆದರೆ ಕಾಲು ಮುರಿಯುವುದು ಅವರದ್ದು. ನೆರವಿಗೆ ಹೋದವರಿಗೆ ಕೇಸು ಸುತ್ತಿಕೊಳ್ಳುತ್ತದೆ ಎಂದು ಹೆದರುವವರು ಇನ್ನೂ ಇದ್ದಾರೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 134ಎ ಎಂಬ ಕಲಮು ಅಂಥವರ ರಕ್ಷಣೆಗೆಂದೇ ಬಂದಿದೆ.

ಜನ ಹೋದ ಮೇಲೆ ಗಾಡಿ. ರಸ್ತೆ ಬ್ಲಾಕ್ ಆಗಿದೆ, ಹಾರ್ನು ಕಿವಿ ಕಿತ್ತುಹೋಗುವಂತೆ ಬಡಿಯುತ್ತಿದೆ ಎಂದು ಪೊಲೀಸರು ಬರುವ ಮೊದಲೇ ಒಂದು ಕಾರನ್ನು ಬದಿಗೆ ಎಳೆದಿದ್ದೆ. ಯಾರು ಯಾವ ಪಥದಲ್ಲಿದ್ದರು ಎಂಬ ವ್ಯಾಜ್ಯದಲ್ಲಿ ಆಮೇಲೆ ಠಾಣೆಯ ಬೆಂಚಿನ ಮೇಲೆ ಕೂತು ಸಾಕಾಯಿತು. ಅದೇ ಕಾರಿನಲ್ಲಿದ್ದ ಒಂದು ಬ್ಯಾಗು ಸಿಗಲಿಲ್ಲ ಎಂಬ ಮಾತೂ ಬಂತು. ನಾನು ಬ್ಯಾಗು ನೋಡಿಯೇ ಇರಲಿಲ್ಲ, ಹಾಗೆಂದು ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ. ಈಗ ನಾಲ್ಕು ಕಡೆಯಿಂದ, ಒಳಗಿನಿಂದ, ಮೀಟರಿನ ಫೋಟೋ ತೆಗೆಯುತ್ತೇನೆ. ಹಳೆಯ ಗೀರುಗಳದ್ದೂ ತೆಗೆಯುತ್ತೇನೆ, ಯಾಕೆಂದರೆ ಎಲ್ಲ ಗೀರೂ ಟೋಯಿಂಗಿನವನ ಲೆಕ್ಕಕ್ಕೇ ಬರುತ್ತದೆ.

10. ರೇಟು ಮೊದಲೇ ಹೇಳಬೇಕು

ಬೆಂಗಳೂರಿನಲ್ಲಿ ನೋ ಪಾರ್ಕಿಂಗ್ ಗಾಡಿ ಎತ್ತುವ ಪದ್ಧತಿಯ ಮೇಲೆ ಜನ ರೊಚ್ಚಿಗೆದ್ದು 2022ರ ಫೆಬ್ರವರಿಯಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು. ನಮ್ಮದು ಬೇರೆ ಕೆಲಸ, ಆದರೂ ಟೋಯಿಂಗ್ ಎಂದೊಡನೆ ಜನರ ಹುಬ್ಬು ಗಂಟಿಕ್ಕುವುದಕ್ಕೆ ನಾನೂ ಒಂದಿಷ್ಟು ಕಾರಣ ಒದಗಿಸಿದ್ದೇನೆ. ರಾತ್ರಿ, ಮಳೆ, ಬೇರೆ ಯಾರೂ ಬರುವುದಿಲ್ಲ ಎಂದು ಗೊತ್ತಾದಾಗ ಬಾಯಿಗೆ ಬಂದ ರೇಟು ಹೇಳಿದ ದಿನಗಳಿದ್ದವು. ಒಬ್ಬ ವಯಸ್ಸಾದ ಮೇಷ್ಟ್ರು ಚೌಕಾಸಿ ಮಾಡದೆ ಎಣಿಸಿ ಕೊಟ್ಟು, "ರಸೀದಿ ಕೊಡ್ತೀರೇನಪ್ಪಾ?" ಎಂದು ಕೇಳಿದರು. ಇರಲಿಲ್ಲ. ಮರುದಿನ ರಸೀದಿ ಪುಸ್ತಕ ಅಚ್ಚು ಹಾಕಿಸಿದೆ. ಕಿಲೋಮೀಟರಿಗೆ ಇಷ್ಟು, ವಿಂಚಿನ ಕೆಲಸಕ್ಕೆ ಇಷ್ಟು, ಕಾಯಿಸಿದರೆ ಇಷ್ಟು ಎಂದು ಫೋನಿನಲ್ಲೇ ಹೇಳುತ್ತೇನೆ. ವಿಮೆಯಲ್ಲಿ ಟೋಯಿಂಗ್ ಇದೆಯಾ ನೋಡಿಕೊಳ್ಳಿ ಎಂದೂ ನೆನಪಿಸುತ್ತೇನೆ. ಕೆಲವು ಬಾಡಿಗೆ ಇದರಿಂದ ಕೈತಪ್ಪುತ್ತವೆ.

11. ಮನೆಗೆ ಬಂದ ಮೇಲೂ ಒಂದು ಗಂಟೆ ಕೆಲಸ ಇದೆ

ಸುಸ್ತಾಗಿ ಬಂದು ಗಾಡಿ ನಿಲ್ಲಿಸಿ ಮಲಗಿದರೆ ಮುಂದಿನ ಕರೆಯಲ್ಲಿ ತೊಂದರೆ ಖಾತ್ರಿ. ಅಡ್ಡಾದಿಡ್ಡಿ ಸುತ್ತಿಕೊಂಡ ರೋಪನ್ನು ಪೂರ್ತಿ ಬಿಟ್ಟು, ತುದಿಗೆ ಸ್ವಲ್ಪ ಭಾರ ಕೊಟ್ಟು, ಸಾಲು ಸಾಲಾಗಿ ಮತ್ತೆ ಸುತ್ತಬೇಕು. ಸಡಿಲ ಸುತ್ತಿನ ನಡುವೆ ಹೊಸ ಸುತ್ತು ಹೂತುಕೊಂಡು, ಘಾಟಿಯ ನಡುವೆ ರೋಪು ಹೊರಬರದೆ ಕಬ್ಬಿಣದ ಸರಳಿನಿಂದ ಮೀಟುತ್ತಾ ಕೂತಿದ್ದೇನೆ. ಹೈಡ್ರಾಲಿಕ್ ಪೈಪಿನ ಜೋಡಣೆಗಳ ಕೆಳಗೆ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಎಲ್ಲಿ ಎಣ್ಣೆ ತೊಟ್ಟಿಕ್ಕಿದೆ ಎಂದು ಕಾಣುತ್ತದೆ. ಹುಕ್ಕಿನ ಬಾಯಿ ಅಗಲವಾಗಿದೆಯಾ, ಅದರ ಬೀಗದ ಸ್ಪ್ರಿಂಗು ಕೂರುತ್ತದೆಯಾ, ಡಿ-ಶ್ಯಾಕಲ್ಲಿನ ಪಿನ್ನು ನೆಟ್ಟಗಿದೆಯಾ ನೋಡಿ. ಮಳೆಗಾಲದಲ್ಲಿ ರೋಪಿಗೂ ತೋಳಿನ ಪಿನ್ನುಗಳಿಗೂ ಗ್ರೀಸು ಬೇಸಿಗೆಗಿಂತ ಬೇಗ ಬೇಗ ಬೇಕಾಗುತ್ತದೆ. ಟಾರ್ಚಿಗೆ ಚಾರ್ಜು ಹಾಕಿ. ಒಣ ಬಟ್ಟೆ ಒಂದು ಜೊತೆ ಕ್ಯಾಬಿನ್ನಿನಲ್ಲಿ ಇರಲಿ, ನಿಮ್ಮದೊಂದು, ಕ್ಲೀನರ್ ಹುಡುಗನದೊಂದು.